ಕಟ್ಟಿದ ನಲ್ಲಿಯೂ ಕಟ್ಟಿಕೊಂಡ ನಿಯಮವೂ

ಆಹಾರವನ್ನು ಬಿಟ್ಟ ಮಾತ್ರಕ್ಕೆ ಉಪವಾಸವಾಗುವುದೆ? ನೀರನ್ನು ಬಿಟ್ಟ ಮಾತ್ರಕ್ಕೆ ತಪಸ್ಸಾಗುವುದೆ? ಈ ಪ್ರಶ್ನೆ ಶ್ರಾವಕರ ಮನೆಗಳಿಗೆ ಹೊಸದಲ್ಲ. ಅಷ್ಟಮಿ ಚತುರ್ದಶಿಗಳಂದು ಏಕಾಶನ ಮಾಡುವವರೂ ದಶಲಕ್ಷಣ ಪರ್ವದಲ್ಲಿ ನಿರ್ಜಲ ಉಪವಾಸ ಕೈಗೊಳ್ಳುವವರೂ ಒಂದಲ್ಲ ಒಂದು ದಿನ ತಮ್ಮನ್ನು ತಾವೇ ಕೇಳಿಕೊಂಡಿರುವ ಪ್ರಶ್ನೆಯಿದು. ಇದಕ್ಕೆ ಶಾಸ್ತ್ರಗಳಲ್ಲಿ ಉತ್ತರವುಂಟು. ಆದರೆ ಧರ್ಮಾಚರಣೆಗೆ ತೀರ ದೂರವಾದ ಒಂದು ಬದುಕನ್ನು ಆ ಶಾಸ್ತ್ರದ ಒರೆಗಲ್ಲಿಗೆ ಉಜ್ಜಿ ನೋಡಿದಾಗ ಉತ್ತರವು ಇನ್ನಷ್ಟು ತಿಳಿಯಾಗಿ ಕಾಣುವುದುಂಟು. ಜಪಾನಿನ ಮುಷ್ಟಿಯುದ್ಧಪಟು ಮಸಾಹಿಕೊ ಹರಾದಾ ಅವರ ಬದುಕು ಅಂತಹದು.

ಹರಾದಾ 1943ರಲ್ಲಿ ಟೋಕಿಯೋ ನಗರದಲ್ಲಿ ಜನಿಸಿದರು. ತಂದೆ ತೋಟಗಾರಿಕೆಯ ಕೆಲಸದವರು. ಅವರು ಗಾಯಗೊಂಡು ದುಡಿಯಲಾರದಂತಾದಾಗ ಬಾಲಕನಾದ ಹರಾದಾ ಅಕ್ಕಿಯ ಅಂಗಡಿಯೊಂದರಲ್ಲಿ ದುಡಿಯಬೇಕಾಯಿತು. ಆ ದುಡಿಮೆಯ ನಡುವೆಯೇ ಸಸಾಜಾಕಿ ಎಂಬ ಗುರುವಿನ ಗರಡಿಯನ್ನು ಸೇರಿ, 1960ರಲ್ಲಿ ವೃತ್ತಿಪರ ಮುಷ್ಟಿಯುದ್ಧಕ್ಕೆ ಇಳಿದರು. ಜಗತ್ತು ಅವರನ್ನು ಅರಿತುದು ಫೈಟಿಂಗ್ ಹರಾದಾ ಎಂಬ ಹೆಸರಿನಿಂದ.

ಮುಷ್ಟಿಯುದ್ಧದಲ್ಲಿ ಸ್ಪರ್ಧಿಗಳನ್ನು ತೂಕಕ್ಕೆ ಅನುಸಾರವಾಗಿ ವಿಂಗಡಿಸುತ್ತಾರೆ. ಫ್ಲೈವೇಟ್ ವರ್ಗದ ಮಿತಿ 112 ಪೌಂಡು, ಎಂದರೆ ಸುಮಾರು 50.8 ಕಿಲೋಗ್ರಾಂ. ಬ್ಯಾಂಟಮ್‌ವೇಟ್ ವರ್ಗದ್ದು 118 ಪೌಂಡು, ಫೆದರ್‌ವೇಟ್ ವರ್ಗದ್ದು 126 ಪೌಂಡು. ನಿಗದಿಯಾದ ತೂಕಕ್ಕಿಂತ ಸ್ವಲ್ಪ ಹೆಚ್ಚಾದರೂ ಪ್ರಶಸ್ತಿಗಾಗಿ ಹೋರಾಡುವ ಅರ್ಹತೆಯಿಲ್ಲ. ಆದುದರಿಂದ ಪಂದ್ಯಕ್ಕೆ ಮೊದಲು ಅನ್ನವನ್ನು ಕಡಿಮೆ ಮಾಡುವುದು, ಕೊನೆಯ ದಿನಗಳಲ್ಲಿ ನೀರನ್ನೂ ಬಿಡುವುದು, ಬೆವರು ಹರಿಸಿ ದೇಹವನ್ನು ಒಣಗಿಸುವುದು ಈ ವೃತ್ತಿಯ ನಿತ್ಯಕರ್ಮವಾಗಿದೆ.

ಹರಾದಾ ಅವರದು ಸುಲಭವಾಗಿ ತೂಕ ಇಳಿಯುವ ದೇಹವಾಗಿರಲಿಲ್ಲ. ಪಂದ್ಯ ಮುಗಿದೊಡನೆ ಮೈ ತುಂಬಿಕೊಳ್ಳುತ್ತಿತ್ತು. ಮುಂದಿನ ಪಂದ್ಯ ಬಂದಾಗ ಅದನ್ನೆಲ್ಲ ಮತ್ತೆ ಕರಗಿಸಬೇಕಾಗುತ್ತಿತ್ತು. ಶಿಷ್ಯನು ಬಾಯಾರಿಕೆ ತಾಳದೆ ನೀರು ಕುಡಿದಾನೆಂದು ಗರಡಿಯ ನಲ್ಲಿಗಳನ್ನು ತಂತಿಯಿಂದ ಬಿಗಿದು ಕಟ್ಟಿದ್ದರಂತೆ. ಆಗ ಶೌಚಾಲಯದ ನೀರನ್ನಾದರೂ ಕುಡಿಯೋಣವೆಂದು ತಮ್ಮ ಮನಸ್ಸು ಹಾತೊರೆದುದನ್ನು ಹರಾದಾ ಅವರೇ ಮುಂದೆ ಹೇಳಿಕೊಂಡಿದ್ದಾರೆ.

ಇಷ್ಟು ಕಷ್ಟಪಟ್ಟವರಿಗೆ ಫಲವೂ ದೊರೆಯಿತು. 1962ರ ಅಕ್ಟೋಬರ್ 10ರಂದು ಟೋಕಿಯೋದಲ್ಲಿ ಥಾಯ್ಲೆಂಡಿನ ಪೋನ್ ಕಿಂಗ್‌ಪೆಚ್ ಅವರನ್ನು ಹನ್ನೊಂದನೆಯ ಸುತ್ತಿನಲ್ಲಿ ಸೋಲಿಸಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿಯೇ ಫ್ಲೈವೇಟ್ ವರ್ಗದ ವಿಶ್ವವಿಜೇತರೆನಿಸಿದರು. ಆದರೆ ಆ ಪದವಿ ಮೂರೇ ತಿಂಗಳು ಉಳಿಯಿತು. 1963ರ ಜನವರಿಯಲ್ಲಿ ಬ್ಯಾಂಕಾಕಿನಲ್ಲಿ ಅದೇ ಎದುರಾಳಿ ಅದನ್ನು ಮರಳಿ ಪಡೆದರು. ಹರಾದಾ ಬ್ಯಾಂಟಮ್‌ವೇಟ್ ವರ್ಗಕ್ಕೆ ಏರಿದರು. 1965ರ ಮೇ ತಿಂಗಳಲ್ಲಿ ನಗೋಯಾ ನಗರದಲ್ಲಿ, ಅದುವರೆಗೆ ಸೋಲನ್ನೇ ಕಾಣದಿದ್ದ ಬ್ರೆಜಿಲ್ ದೇಶದ ಎಡರ್ ಜೋಫ್ರೆ ಅವರನ್ನು ಸೋಲಿಸಿದರು. ಮರುವರ್ಷ ಮತ್ತೊಮ್ಮೆ ಸೋಲಿಸಿದರು. ಜೋಫ್ರೆ ತಮ್ಮ ಇಡೀ ವೃತ್ತಿಜೀವನದಲ್ಲಿ ಸೋತದ್ದು ಈ ಎರಡೇ ಸಲ. ನಾಲ್ಕು ಬಾರಿ ಉಳಿಸಿಕೊಂಡ ಆ ಪದವಿಯನ್ನು 1968ರ ಫೆಬ್ರವರಿಯಲ್ಲಿ ಆಸ್ಟ್ರೇಲಿಯಾದ ಮೂಲನಿವಾಸಿ ತರುಣ ಲಯೊನೆಲ್ ರೋಸ್ ಕಸಿದುಕೊಂಡರು. ಹತ್ತೊಂಬತ್ತರಲ್ಲಿ ಕಿರೀಟ ಧರಿಸಿದವರನ್ನು ಹತ್ತೊಂಬತ್ತರ ತರುಣನೇ ಕೆಳಗಿಳಿಸಿದನು. ಸಂಸಾರದ ಅನಿತ್ಯತೆಗೆ ಇದಕ್ಕಿಂತ ಬೇರೆ ವ್ಯಾಖ್ಯಾನ ಬೇಕೆ?

ಇನ್ನು ವಿಚಾರಕ್ಕೆ ಬರಬಹುದು. ಅನಶನ, ಅವಮೋದರ್ಯ, ರಸಪರಿತ್ಯಾಗ, ಕಾಯಕ್ಲೇಶ ಇವು ಬಾಹ್ಯ ತಪಸ್ಸಿನ ಭೇದಗಳು. ಹೊರನೋಟಕ್ಕೆ ಹರಾದಾ ಇವೆಲ್ಲವನ್ನೂ ಆಚರಿಸಿದರು. ನಮ್ಮಲ್ಲಿ ಎಷ್ಟೋ ಮಂದಿ ವ್ರತಿಗಳು ಸಹಿಸದಷ್ಟು ಬಾಯಾರಿಕೆಯನ್ನು ಸಹಿಸಿದರು. ಹಾಗಾದರೆ ಅವರು ತಪಸ್ವಿಗಳೆ?

ಅಲ್ಲವೆಂದು ಹೇಳಲು ಮೊದಲ ಕಾರಣ ನಿದಾನ. ಮಾಯೆ, ಮಿಥ್ಯಾತ್ವ, ನಿದಾನ ಎಂಬ ಮೂರು ಶಲ್ಯಗಳಿಲ್ಲದವನೇ ವ್ರತಿಯೆಂದು ಉಮಾಸ್ವಾಮಿ ಆಚಾರ್ಯರ ನಿರ್ಣಯ. ಫಲದ ಆಸೆ ಮುಳ್ಳಿನಂತೆ ಒಳಗೆ ಉಳಿದಿದ್ದರೆ ಹೊರಗಿನ ತ್ಯಾಗವು ವ್ರತವಾಗದು. ತಕ್ಕಡಿಯ ಮುಳ್ಳಿಗಾಗಿ ಬಿಟ್ಟ ನೀರು, ತಕ್ಕಡಿಯಿಂದ ಇಳಿದೊಡನೆ ಮರಳಿ ಬಾಯಿಗೆ ಬರುತ್ತದೆ. ಅಲ್ಲಿ ಬಿಟ್ಟದ್ದು ನೀರನ್ನೇ ಹೊರತು ನೀರಿನ ಆಸೆಯನ್ನಲ್ಲ.

ಎರಡನೆಯ ಕಾರಣ ಇನ್ನೂ ಗಂಭೀರವಾದುದು. ಆ ದೇಹದಂಡನೆಯ ಗುರಿ ಮತ್ತೊಬ್ಬರ ದೇಹವನ್ನು ದಂಡಿಸುವುದು. ಎದುರಾಳಿಗಳಿಬ್ಬರೂ ಒಪ್ಪಿ ಕಣಕ್ಕಿಳಿಯುವುದರಿಂದ ಇದರಲ್ಲಿ ದೋಷವಿಲ್ಲವೆಂದು ಕೆಲವರು ವಾದಿಸಬಹುದು. ಒಪ್ಪಿಗೆಯಿಂದ ದ್ವೇಷ ಕಡಿಮೆಯಾದೀತು, ಪೆಟ್ಟು ಕಡಿಮೆಯಾಗದು. ಜೋಫ್ರೆ ಅವರ ನಿದರ್ಶನವನ್ನೇ ನೋಡಬಹುದು. ಅವರು ಸಸ್ಯಾಹಾರಿಗಳೆಂದು ಜಗತ್ಪ್ರಸಿದ್ಧರಾಗಿದ್ದರು. ತಟ್ಟೆಯಲ್ಲಿ ಪ್ರಾಣಿಹಿಂಸೆಯನ್ನು ವರ್ಜಿಸಿದ ಆ ಕೈಗಳೇ ಕಣದಲ್ಲಿ ಮನುಷ್ಯರನ್ನು ಉರುಳಿಸುತ್ತಿದ್ದವು. ಮುಪ್ಪಿನಲ್ಲಿ ಅವರನ್ನು ಕಾಡಿದ ಮಿದುಳಿನ ಕಾಯಿಲೆಯು ವರ್ಷಾನುಗಟ್ಟಲೆ ತಲೆಗೆ ಬಿದ್ದ ಪೆಟ್ಟುಗಳ ಫಲವೆಂದು ವೈದ್ಯರು ಕಂಡುಕೊಂಡರು. ಅವರು 2022ರಲ್ಲಿ ತೀರಿಕೊಂಡರು. 2025ರ ಆಗಸ್ಟ್ 2ರಂದು ಟೋಕಿಯೋದ ಕೊರಾಕುಯೆನ್ ಸಭಾಂಗಣದಲ್ಲಿ ಒಂದೇ ದಿನ ಬೇರೆ ಬೇರೆ ಪಂದ್ಯಗಳಲ್ಲಿ ಹೋರಾಡಿದ ಇಬ್ಬರು ತರುಣರು ಮಿದುಳಿನ ರಕ್ತಸ್ರಾವದಿಂದ ಕೆಲವೇ ದಿನಗಳಲ್ಲಿ ಅಸುನೀಗಿದರು. ಇಬ್ಬರಿಗೂ ಇಪ್ಪತ್ತೆಂಟೇ ವರ್ಷ. ನೀರನ್ನು ಬಿಟ್ಟು ಒಣಗಿಸಿದ ದೇಹದಲ್ಲಿ ಮಿದುಳಿಗೆ ಅಪಾಯ ಹೆಚ್ಚಬಹುದೆಂಬ ಆತಂಕ ಆಗ ಜಪಾನಿನಲ್ಲಿಯೇ ಬಲವಾಗಿ ಕೇಳಿಬಂತು. ಆಹಾರದಲ್ಲಿ ಅಹಿಂಸೆ, ಉದ್ಯೋಗದಲ್ಲಿ ಹಿಂಸೆ ಎಂಬ ಇಬ್ಬಗೆಯು ಜೋಫ್ರೆ ಒಬ್ಬರದೇ ಅಲ್ಲವೆಂಬುದನ್ನು ವ್ಯಾಪಾರ ವ್ಯವಹಾರಗಳಲ್ಲಿ ತೊಡಗಿದ ಶ್ರಾವಕರು ಮನಗಾಣದೆ ಇರಲಾರರು.

ಹಾಗೆಂದು ಹರಾದಾ ಅವರ ಸಹನೆ ಕೇವಲ ವ್ಯರ್ಥವೆಂದು ತಳ್ಳಿಬಿಡುವುದು ನ್ಯಾಯವಲ್ಲ. ಸೆರೆಯಲ್ಲಿ ಬಿದ್ದವನು ಇಚ್ಛೆಯಿಲ್ಲದಿದ್ದರೂ ಹಸಿವು ಬಾಯಾರಿಕೆಗಳನ್ನು ಸಹಿಸುವುದನ್ನು ಶಾಸ್ತ್ರವು ಅಕಾಮನಿರ್ಜರೆಯೆಂದು ಕರೆಯುತ್ತದೆ. ಸಮ್ಯಗ್ದರ್ಶನವಿಲ್ಲದೆ ಮಾಡಿದ ದೇಹದಂಡನೆಯನ್ನು ಬಾಲತಪವೆನ್ನುತ್ತದೆ. ಇವೆರಡರಿಂದ ಮೋಕ್ಷವಿಲ್ಲ; ಆದರೂ ಇವುಗಳಿಗೆ ತಮ್ಮದೇ ಆದ ಅಲ್ಪಫಲವುಂಟೆಂದು ಆಚಾರ್ಯರು ಒಪ್ಪಿದ್ದಾರೆ. ಹರಾದಾ ಅವರಾದರೋ ಪೂರ್ಣವಾಗಿ ಸೆರೆಯಾಳೂ ಅಲ್ಲ, ಪೂರ್ಣವಾಗಿ ಸ್ವತಂತ್ರರೂ ಅಲ್ಲ. ಗರಡಿಗೆ ಬಂದವರು ತಾವಾಗಿಯೇ ಬಂದರು. ನಲ್ಲಿಗೆ ತಂತಿ ಬಿಗಿದವರು ಬೇರೆಯವರು. ಅವರ ಎಣಿಕೆಯಲ್ಲಿ ಕಿರೀಟವಿತ್ತು, ಕರ್ಮಕ್ಷಯವಿರಲಿಲ್ಲ. ಆದುದರಿಂದ ಅವರ ಬಾಯಾರಿಕೆ ತಪಸ್ಸಿನ ಆಕಾರವನ್ನು ಹೊಂದಿತ್ತು, ಪ್ರಾಣವನ್ನು ಹೊಂದಿರಲಿಲ್ಲ.

ಆದರೂ ಅವರ ಬಾಳಿನಲ್ಲಿ ವ್ರತಿಗಳು ಕಲಿಯಬೇಕಾದ ಎರಡು ಸಂಗತಿಗಳು ಉಳಿದೇ ಇವೆ. ಮೊದಲನೆಯದು 1969ರ ಜುಲೈ ತಿಂಗಳದು. ಮೂರನೆಯ ವರ್ಗದ ಕಿರೀಟಕ್ಕಾಗಿ ಅವರು ಸಿಡ್ನಿ ನಗರದಲ್ಲಿ ಆಸ್ಟ್ರೇಲಿಯಾದ ಜಾನಿ ಫಾಮೆಶಾನ್ ಅವರನ್ನು ಎದುರಿಸಿದರು. ಎದುರಾಳಿ ಹಲವು ಬಾರಿ ನೆಲಕ್ಕುರುಳಿದರು. ಪಂದ್ಯದ ಏಕೈಕ ನಿರ್ಣಾಯಕರಾಗಿದ್ದ ವಿಲ್ಲಿ ಪೆಪ್ ಮೊದಲು ಪಂದ್ಯ ಸಮವಾಯಿತೆಂದು ಸೂಚಿಸಿದರು. ಅನಂತರ ಅಂಕಗಳನ್ನು ಮತ್ತೆ ಕೂಡಿಸಿ ನೋಡಿ ಫಾಮೆಶಾನ್ ಗೆದ್ದರೆಂದು ಸಾರಲಾಯಿತು. ಸ್ಥಳೀಯ ಪ್ರೇಕ್ಷಕರೇ ಆ ತೀರ್ಪಿಗೆ ಅಸಮ್ಮತಿ ತೋರಿದರು. 1970ರ ಜನವರಿಯಲ್ಲಿ ಟೋಕಿಯೋದಲ್ಲಿ ಮತ್ತೆ ಹೋರಾಡಿದಾಗ ಹರಾದಾ ಹದಿನಾಲ್ಕನೆಯ ಸುತ್ತಿನಲ್ಲಿ ಸೋತು, ಇಪ್ಪತ್ತಾರನೆಯ ವಯಸ್ಸಿನಲ್ಲಿಯೇ ನಿವೃತ್ತರಾದರು. ಫಲಕ್ಕಾಗಿಯೇ ಹಸಿದವರಿಗೆ ಫಲವನ್ನು ಕೊಡುವವನು ಅನ್ಯನು. ಅವನ ಲೆಕ್ಕ ತಪ್ಪಿದರೆ ಹಸಿವೆಲ್ಲವೂ ನಷ್ಟ. ನಿರ್ಜರೆಗಾಗಿ ಹಸಿದವನ ಲೆಕ್ಕವನ್ನು ಅನ್ಯರು ಬರೆಯುವುದೂ ಇಲ್ಲ, ತಿದ್ದುವುದೂ ಇಲ್ಲ.

ಎರಡನೆಯ ಸಂಗತಿ ಶೌಚಾಲಯದ ನೀರಿನ ಮಾತು. ವಿಶ್ವವಿಜೇತರಾದವರು ಇದನ್ನು ಮುಚ್ಚಿಡಬಹುದಾಗಿತ್ತು. ತಮ್ಮ ಮನೋಬಲವನ್ನೇ ಕೊಂಡಾಡಿಕೊಳ್ಳಬಹುದಾಗಿತ್ತು. ಹಾಗೆ ಮಾಡದೆ, ಬಾಯಾರಿದ ಮನಸ್ಸು ಎಲ್ಲಿಯವರೆಗೆ ಇಳಿಯಿತೆಂಬುದನ್ನು ಇದ್ದಂತೆಯೇ ಹೇಳಿದರು. ಇದು ಆಲೋಚನೆ ಎಂಬ ಪ್ರಾಯಶ್ಚಿತ್ತಕ್ಕೆ ಹತ್ತಿರವಾದ ಗುಣ. ಗುರುವಿನ ಮುಂದೆ ದೋಷವನ್ನು ಅಡಗಿಸದೆ ಹೇಳುವುದು ಆಭ್ಯಂತರ ತಪಸ್ಸಿನ ಮೊದಲ ಮೆಟ್ಟಿಲು. ನೋಂಪಿ ಮುಗಿಸಿ ಉದ್ಯಾಪನೆಯ ದಿನ ಹಾರ ಹಾಕಿಸಿಕೊಳ್ಳುವ ಎಷ್ಟು ಮಂದಿ, ಉಪವಾಸದ ಮೂರನೆಯ ದಿನ ಮನಸ್ಸು ಅಡುಗೆಮನೆಯಲ್ಲಿಯೇ ಸುಳಿದಾಡಿತೆಂದು ಬಾಯಿಬಿಟ್ಟು ಹೇಳಿಯಾರು? ಎಷ್ಟು ಮನೆಗಳಲ್ಲಿ ಪಾರಣೆಯ ಪಕ್ವಾನ್ನಗಳ ಪಟ್ಟಿ ಉಪವಾಸದ ಹಿಂದಿನ ದಿನವೇ ಸಿದ್ಧವಾಗದೆ ಇದ್ದೀತು? ಪ್ರೋಷಧೋಪವಾಸಕ್ಕೆ ಹಿಂದುಮುಂದಿನ ದಿನಗಳಲ್ಲಿಯೂ ಏಕಭುಕ್ತವನ್ನು ವಿಧಿಸಿದುದು, ಬಿಟ್ಟದ್ದನ್ನು ಬಡ್ಡಿ ಸಹಿತ ವಸೂಲು ಮಾಡುವ ಈ ಬುದ್ಧಿಯನ್ನು ತಡೆಯಲೆಂದೇ ಇರಬೇಕು.

ಮನೆಯ ನಲ್ಲಿಗೆ ಯಾರೂ ತಂತಿ ಬಿಗಿಯುವುದಿಲ್ಲ. ನೀರು ಕೈಗೆಟಕುವಂತಿರುತ್ತದೆ, ತಡೆಯುವವರು ಯಾರೂ ಇರುವುದಿಲ್ಲ, ತೂಗಿ ನೋಡುವ ತಕ್ಕಡಿಯೂ ಇರುವುದಿಲ್ಲ. ಆ ಸ್ವಾತಂತ್ರ್ಯದಲ್ಲಿ ತಾನಾಗಿ ಕಟ್ಟಿಕೊಂಡ ನಿಯಮಕ್ಕೆ ಮಾತ್ರ ವ್ರತವೆಂದು ಹೆಸರು. ಯಾರ ಮೆಚ್ಚುಗೆಗಾಗಿ ಹಸಿದಿದ್ದೇನೆ, ಪಾರಣೆಯ ಮರುದಿನ ನನ್ನಲ್ಲಿ ಏನು ಕಡಿಮೆಯಾಗಿರುತ್ತದೆ ಎಂಬ ಎರಡು ಪ್ರಶ್ನೆಗಳನ್ನು ಶ್ರಾವಕ ಶ್ರಾವಿಕೆಯರು ಪ್ರತ್ಯಾಖ್ಯಾನ ತೆಗೆದುಕೊಳ್ಳುವ ಮುಂಜಾನೆ ತಮ್ಮೊಳಗೆ ಕೇಳಿಕೊಳ್ಳಲಿ. ಕಡಿಮೆಯಾದುದು ದೇಹದ ತೂಕವೊಂದೇ ಆಗಿದ್ದರೆ, ಅಷ್ಟನ್ನು ಟೋಕಿಯೋದ ಗರಡಿಯೂ ಮಾಡಿ ತೋರಿಸಿದೆ.