ಮೇಸ್ತ್ರಿಗೆ ಕೊಟ್ಟರೆ ಹೊಣೆ ಮುಗಿಯಿತೇ?



ತುಂಗಭದ್ರಾ ಕಾಲುವೆಗೆ ನೀರು ಬಂದೊಡನೆ ನಮ್ಮ ಸಾಲಗುಂದ, ಸಿಂಧನೂರು ಸೀಮೆಯಲ್ಲಿ ಭತ್ತದ ನಾಟಿ ಆರಂಭವಾಗುತ್ತದೆ. ಹೆಣ್ಣುಮಕ್ಕಳ ಕೂಲಿಯನ್ನು ಗುಂಪಿನ ಮೇಸ್ತ್ರಿಯ ಕೈಗಿತ್ತು 'ನನ್ನ ಹೊಣೆ ಮುಗಿಯಿತು' ಎನ್ನುವವರಿದ್ದಾರೆ. ಅದು ದುಡಿದವಳಿಗೆ ಪೂರ್ತಿ ತಲುಪಿತೇ ಎಂದು ವಿಚಾರಿಸುವವರು ವಿರಳ.

ದೊಡ್ಡ ವ್ಯಾಪಾರದಲ್ಲೂ ಇದೇ ಕಥೆ. 2020ರ ಏಪ್ರಿಲ್‌ನಿಂದ ಸಲ್ಲಬೇಕಾಗಿದ್ದ ತಿಂಗಳಿಗೆ ಸುಮಾರು 417 ರೂಪಾಯಿ ತುಟ್ಟಿಭತ್ಯೆ ಕರ್ನಾಟಕದ ಲಕ್ಷಾಂತರ ಉಡುಪು ಕಾರ್ಮಿಕರ ಕೈಸೇರಲಿಲ್ಲ. ಅವರು ಹೊಲಿದ ಬಟ್ಟೆ ಕೊಳ್ಳುವ ವಿದೇಶಿ ಕಂಪೆನಿಗಳನ್ನೂ ಪ್ರಶ್ನಿಸಿದ ಬಳಿಕವೇ, 2022ರಲ್ಲಿ, ಬಾಕಿ ಪಾವತಿ ಆರಂಭವಾಯಿತು. ಷೇರುಪೇಟೆಯ 1000 ದೊಡ್ಡ ಕಂಪೆನಿಗಳು ಕನಿಷ್ಠ ವೇತನದ ವಿವರವನ್ನೂ ವರದಿಯಲ್ಲಿ ನೀಡುವುದನ್ನು ಸೆಬಿ 2022-23ರಿಂದ ಕಡ್ಡಾಯಗೊಳಿಸಿತು.

ಒಳ್ಳೆಯದೇ. ಆದರೆ ಕಾಗದದ ಲೆಕ್ಕವನ್ನು ತಿದ್ದಬಹುದು, ಕರ್ಮಗ್ರಂಥವನ್ನು ತಿದ್ದಲಾಗದು. ಪೂರ್ಣವಾಗಿ ದುಡಿಸಿಕೊಂಡು ಕೂಲಿ ಕೊಡದವನ ವಿರುದ್ಧ ಅಂತ್ಯದಿನ ಸ್ವತಃ ಅಲ್ಲಾಹನೇ ವಾದಿಯಾಗುವನೆಂದು ಪ್ರವಾದಿ(ಸ) ಎಚ್ಚರಿಸಿರುವುದು ಬುಖಾರಿಯಲ್ಲಿದೆ. ಅಲ್ಲಿ ಮೇಸ್ತ್ರಿಯನ್ನು ತೋರಿಸಿ ಪಾರಾಗಲು ಸಾಧ್ಯವೇ? ಪಡೆಯುವಾಗ ಪೂರ್ತಿ ಅಳೆದುಕೊಂಡು ಕೊಡುವಾಗ ಕಡಿತ ಮಾಡುವವರಿಗೆ 'ಅಲ್ ಮುತಫ್ಫಿಫೀನ್' ಅಧ್ಯಾಯದಲ್ಲಿ ವಿನಾಶದ ಎಚ್ಚರಿಕೆಯಿದೆ. ಬೆವರಿಗೂ ಅಳತೆಯುಂಟು.

ಆದ್ದರಿಂದ ಮುಂದಿನ ನಾಟಿ ಮುಗಿದ ಸಂಜೆ ಗದ್ದೆಯ ಬದುವಿನಲ್ಲೇ ಕೇಳಿರಿ: "ಯವ್ವಾ, ನಿನ್ನ ಕೂಲಿ ಪೂರ್ತಿ ಬಂತೇನು?" ಕೊರತೆಯಿದ್ದರೆ ಮೊದಲು ನೀವು ತುಂಬಿಕೊಡಿರಿ, ಮೇಸ್ತ್ರಿಯ ಲೆಕ್ಕವನ್ನು ಆಮೇಲೆ ನೋಡಿಕೊಳ್ಳಿರಿ. ಯಾರ ಹಕ್ಕನ್ನೂ ಕತ್ತಿಗೆ ಕಟ್ಟಿಕೊಳ್ಳದೆ ತನ್ನ ಸನ್ನಿಧಿಗೆ ಮರಳುವ ಭಾಗ್ಯವನ್ನು ಅಲ್ಲಾಹನು ನಮಗೆ ಕರುಣಿಸಲಿ. ಆಮೀನ್.