ಹಿತ್ತಿಲಿನ ಅರ್ಧ ಗಂಟೆ

ಮನೆಯೊಳಗೆ ಹಿರಿಯರೊಬ್ಬರು ಹಾಸಿಗೆ ಹಿಡಿದು ಮಲಗಿರುವಾಗ ಸೊಸೆಯಾದವಳು ಹಿತ್ತಿಲಲ್ಲಿ ಕೂತು ಕನಕಾಂಬರದ ಪಾತಿ ಕೆದಕುತ್ತಿರುವುದು ಸರಿಯೇ? ಕೇಳಲು ಇದು ಸಣ್ಣ ಪ್ರಶ್ನೆ. ಆದರೆ ರೋಗಿಯನ್ನು ವರ್ಷಗಟ್ಟಲೆ ನೋಡಿಕೊಂಡ ಯಾವ ಹೆಣ್ಣುಮಗಳನ್ನಾದರೂ ಕೇಳಿ ನೋಡಿ, ಅವಳು ಇದನ್ನು ಸಣ್ಣದೆಂದು ಹೇಳುವುದಿಲ್ಲ. ಸಿನಿಮಾ ಬೇಡ, ತವರು ಬೇಡ, ಹಿಂದಿನ ಬಾಗಿಲು ದಾಟಿ ಹತ್ತು ಹೆಜ್ಜೆ ಇಟ್ಟರೆ ಸಾಕು, ಏನನ್ನೋ ಕದ್ದು ಬಂದವಳ ಹಾಗೆ ಅವಳ ಎದೆ ಅಳುಕುತ್ತದೆ. ಹಾಗೆ ಅಳುಕಲೇಬೇಕೇ ಎಂಬುದು ನನ್ನ ಪ್ರಶ್ನೆ.

ನಮ್ಮ ಅತ್ತೆಯವರು ಲಕ್ವ ಹೊಡೆದು, ಬಲಗೈ ಬಲಗಾಲು ಸ್ವಾಧೀನ ತಪ್ಪಿ, ಆರು ವರ್ಷ ಮಂಚದ ಮೇಲಿದ್ದರು. ನಾನು ಶಾಲೆಗೆ ಹೋದಾಗ ನೋಡಿಕೊಳ್ಳಲು ಒಬ್ಬ ಹೆಂಗಸು ಬರುತ್ತಿದ್ದಳು. ನಾನು ಬಂದು ಚಪ್ಪಲಿ ಬಿಟ್ಟ ಗಳಿಗೆಯಿಂದ ಮಾರನೆಯ ಬೆಳಗಿನವರೆಗೆ ಹೊಣೆ ನನ್ನದು. ಬೆನ್ನಿಗೆ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಗಂಜಿ ಕುಡಿಸುವಾಗ ನೆತ್ತಿಗೆ ಹತ್ತದಂತೆ ದಿಂಬು ಒರಗಿಸಿ ಕೂರಿಸಬೇಕು. ಬಟ್ಟೆ, ಬೆಡ್‌ಪ್ಯಾನ್, ಮಾತ್ರೆ, ಎಣ್ಣೆ ನೀವುವುದು, ಇದನ್ನೆಲ್ಲ ಮಾಡಿದವರಿಗೆ ವಿವರಿಸಬೇಕಾಗಿಲ್ಲ, ಮಾಡದವರಿಗೆ ವಿವರಿಸಿದರೂ ತಿಳಿಯುವುದಿಲ್ಲ. ಒಂದು ಸಲ ಮಗ್ಗುಲು ಬದಲಿಸಿ ಮತ್ತೊಂದು ಸಲ ಬದಲಿಸುವುದರ ನಡುವೆ, ಸಂಜೆ ಸಂಜೆಮಲ್ಲಿಗೆ ಬಿರಿಯುವ ಹೊತ್ತಿಗೆ, ನಾನು ಅರ್ಧ ಗಂಟೆ ಹಿತ್ತಿಲಿಗೆ ಹೋಗುತ್ತಿದ್ದೆ.

ರಜೆಗೆ ಬಂದ ನಾದಿನಿ ಒಮ್ಮೆ ನಗುತ್ತಲೇ ಕೇಳಿದಳು, "ಅಮ್ಮನಿಗಿಂತ ನಿಮಗೆ ಗಿಡವೇ ಹೆಚ್ಚಾಯಿತಾ ಅತ್ತಿಗೆ?" ಸಿಟ್ಟಿನಿಂದ ಆಡಿದ ಮಾತಿಗಿಂತ ನಗುತ್ತ ಆಡಿದ ಮಾತು ಹೆಚ್ಚು ದಿನ ಚುಚ್ಚುತ್ತದೆ. ಅವಳ ಮೇಲೆ ನನಗೆ ಕೋಪವಿಲ್ಲ. ಅವಳು ಕೇಳಿದ್ದು ಲೋಕದ ಪ್ರಶ್ನೆಯನ್ನೇ.

ಇದಕ್ಕೆ ಸುಲಭವಾದ ಒಂದು ಉತ್ತರವುಂಟು. ನೋಡಿಕೊಳ್ಳುವವಳು ಚೆನ್ನಾಗಿದ್ದರೆ ತಾನೆ ಮಲಗಿದವರು ಚೆನ್ನಾಗಿರುವುದು ಎಂಬುದು ಆ ಉತ್ತರ. ಇದಕ್ಕೆ ಆಧಾರವೂ ಇದೆ. ಕಾಯಿಲೆಯ ಗಂಡನನ್ನೋ ಹೆಂಡತಿಯನ್ನೋ ನೋಡಿಕೊಳ್ಳುತ್ತ ಅದರ ಭಾರದಿಂದ ಬಳಲಿದ ವೃದ್ಧರಲ್ಲಿ, ಅಂಥ ಹೊಣೆ ಇಲ್ಲದವರಿಗಿಂತ ಸಾವಿನ ಪ್ರಮಾಣ ನಾಲ್ಕು ವರ್ಷಗಳಲ್ಲಿ ಶೇಕಡ 63ರಷ್ಟು ಹೆಚ್ಚಿತ್ತೆಂದು ಅಮೆರಿಕದ 1999ರ ಒಂದು ಅಧ್ಯಯನ ಹೇಳಿತು. ನೆದರ್ಲೆಂಡ್ಸ್‌ನಲ್ಲಿ 30 ಜನ ತೋಟಗಾರರಿಗೆ ಮೊದಲು ತಲೆಬಿಸಿಯಾಗುವ ಕೆಲಸ ಕೊಟ್ಟು, ಆಮೇಲೆ ಅರ್ಧದಷ್ಟು ಜನರನ್ನು 30 ನಿಮಿಷ ತೋಟದ ಕೆಲಸಕ್ಕೂ ಉಳಿದವರನ್ನು ಒಳಗೆ ಕೂತು ಓದಲಿಕ್ಕೂ ಬಿಟ್ಟರು. ಒತ್ತಡದ ಹಾರ್ಮೋನು ಎರಡು ಗುಂಪಿನಲ್ಲೂ ಇಳಿಯಿತು, ಆದರೆ ಮಣ್ಣು ಮುಟ್ಟಿದವರಲ್ಲಿ ಹೆಚ್ಚು ಇಳಿಯಿತು. ಇದು ಪ್ರಕಟವಾದದ್ದು 2011ರಲ್ಲಿ. ಓದುವುದನ್ನು ಕಲಿಸುವುದೇ ನನ್ನ ಕಸುಬು. ಆದರೂ ಈ ಮಾತನ್ನು ಒಪ್ಪಲು ನನಗೆ ಕಷ್ಟವಾಗಲಿಲ್ಲ.

ಹೀಗಿದ್ದರೂ ಆ ಸುಲಭದ ಉತ್ತರ ನನಗೆ ಪೂರ್ತಿ ಹಿಡಿಸುವುದಿಲ್ಲ. ನಾಳೆ ಉಳಬೇಕಲ್ಲ ಎಂದು ಇವತ್ತು ಎತ್ತಿಗೆ ಹಿಂಡಿ ಇಡುತ್ತಾರೆ. ನಾಳೆ ಇನ್ನಷ್ಟು ಸೇವೆ ಮಾಡಲೆಂದು ಇವತ್ತು ಹೆಣ್ಣಿಗೆ ಅರ್ಧ ಗಂಟೆ ಬಿಡುವು ಕೊಡುವುದೂ ಅದೇ ಲೆಕ್ಕವಲ್ಲವೇ? ಹಾಗಾದರೆ ಆ ಅರ್ಧ ಗಂಟೆಯೂ ಅವಳದಲ್ಲ, ಅದೂ ಸೇವೆಯ ಖಾತೆಗೇ ಜಮಾ. ಗಿಡದ ಮುಂದೆ ಕೂತಾಗಲೂ "ನಾನು ಇದನ್ನು ಅತ್ತೆಯ ಸಲುವಾಗಿ ಮಾಡುತ್ತಿದ್ದೇನೆ" ಎಂದು ಸಮಜಾಯಿಷಿ ಕೊಟ್ಟುಕೊಳ್ಳಬೇಕಾದರೆ ಅದು ಎಂಥ ಬಿಡುವು?

ನನಗೆ ತೋಚಿದ್ದು ಬೇರೆ. ಒಬ್ಬರನ್ನು ನೋಡಿಕೊಳ್ಳಬೇಕಾದರೆ ಇಬ್ಬರು ಬೇಕು. ನೋಡಿಕೊಳ್ಳುವವಳು ತನ್ನ ಇಷ್ಟ, ತನ್ನ ಮಾತು, ತನ್ನ ಸಂತೋಷ ಎಲ್ಲವನ್ನೂ ಕಳೆದುಕೊಂಡರೆ ಮಂಚದ ಮೇಲಿದ್ದವರ ಪಾಲಿಗೆ ಉಳಿಯುವುದು ಎರಡು ಕೈಗಳು, ಮನುಷ್ಯಳಲ್ಲ. ಇದನ್ನು ನನಗೆ ತಿಳಿಸಿದವರು ಅತ್ತೆಯೇ. ತೊದಲು ಮಾತಿನಲ್ಲಿ ಅವರು ಸಂಜೆ ಕೇಳುತ್ತಿದ್ದದ್ದು ಮಾತ್ರೆಯ ವಿಷಯವಲ್ಲ. "ಹೂ ಬಿಡ್ತೇನೇ?" ಎನ್ನುತ್ತಿದ್ದರು. ಬಿಟ್ಟಿದ್ದರೆ ಎರಡು ಎಸಳು ತಂದು ಅವರ ಎಡಗೈಗೆ ಕೊಡುತ್ತಿದ್ದೆ. ಎಡಗೈಯಲ್ಲೇ ಮೂಸಿ ನೋಡುತ್ತಿದ್ದರು. ದಿನವಿಡೀ ಆ ಕೋಣೆಯಲ್ಲೇ ಕೂತಿದ್ದರೆ ಕೋಣೆಯ ಸುದ್ದಿಯನ್ನಲ್ಲದೆ ಬೇರೇನನ್ನು ತಾನೇ ನಾನು ಅವರಿಗೆ ಹೇಳಬಹುದಿತ್ತು?

ಹಾಗೆಂದು ಈ ಹಕ್ಕಿಗೆ ಮೇರೆಯಿಲ್ಲವೆಂದಲ್ಲ. ಮಲಗಿದವರಿಗೂ ಹಕ್ಕಿದೆ, ಅವರದು ದೊಡ್ಡದು. ಗಿಡ ಕಾಯುತ್ತದೆ, ಮನುಷ್ಯರು ಕಾಯಲಾರರು. ಆದ್ದರಿಂದ ದೇವರ ಮನೆಯ ಹಿತ್ತಾಳೆ ಗಂಟೆಯೊಂದನ್ನು ಅತ್ತೆಯ ಎಡಗೈಗೆ ಎಟಕುವಂತೆ ಇಟ್ಟಿದ್ದೆ. ಗಂಟೆ ಕೇಳಿಸುವಷ್ಟು ದೂರ ನನ್ನದು, ಕೇಳಿಸಿದ ಕೂಡಲೇ ಕೈ ತೊಳೆಯುವುದು ನನ್ನ ಧರ್ಮ. ಇದಕ್ಕಿಂತ ದೊಡ್ಡ ನೀತಿಶಾಸ್ತ್ರ ನನಗೆ ಗೊತ್ತಿಲ್ಲ.

ಇನ್ನೊಂದು ಸೋಜಿಗವಿದೆ. ಗಿಡಕ್ಕೂ ನೀರೆರೆಯಬೇಕು, ಹುಳ ಆರಿಸಬೇಕು, ಒಣಗಿದ್ದನ್ನು ತೆಗೆಯಬೇಕು. ಅದೂ ಆರೈಕೆಯೇ. ಹಾಗಿದ್ದರೆ ಒಂದು ಆರೈಕೆಯಿಂದ ದಣಿದವಳಿಗೆ ಇನ್ನೊಂದು ಆರೈಕೆಯಿಂದ ದಣಿವಾರುವುದು ಹೇಗೆ? ಮಕ್ಕಳನ್ನು ಸಾಕುವಾಗ ಇಂದು ಪಟ್ಟ ಕಷ್ಟಕ್ಕೆ ನಾಳೆ ಅವು ಒಂದು ಹೆಜ್ಜೆ ಮುಂದೆ ಇಡುತ್ತವೆ. ಮುಪ್ಪಿನ ಕಾಯಿಲೆಯಲ್ಲಿ ಹೆಜ್ಜೆ ಹಿಂದಕ್ಕೇ ಬೀಳುತ್ತದೆ. ನಾವು ಎಷ್ಟು ಚೆನ್ನಾಗಿ ಮಾಡಿದರೂ ಬರುವ ವರ್ಷ ಈ ವರ್ಷಕ್ಕಿಂತ ಕಷ್ಟವೇ. ಹಿತ್ತಿಲಲ್ಲಿ ಕಾಲ ಮುಂದಕ್ಕೆ ನಡೆಯುತ್ತದೆ. ಹರಿವೆ ಬೀಜ ಚೆಲ್ಲಿದರೆ ವಾರದೊಳಗೆ ಕೆಂಪು ಮೊಳಕೆ, ತಿಂಗಳಿಗೆ ಸಾರಿಗೆ ಸೊಪ್ಪು. ಬಸಳೆಯ ಕಡ್ಡಿ ನೆಟ್ಟು ಬಚ್ಚಲ ನೀರು ಹರಿಯಲು ಬಿಟ್ಟರೆ ಬೇಲಿ ತುಂಬ ಹಬ್ಬುತ್ತದೆ. ನನ್ನ ಕೈಯಿಂದಲೂ ಏನೋ ಒಂದು ಮೇಲೇಳುತ್ತದೆ ಎಂಬುದನ್ನು ಕಣ್ಣಾರೆ ಕಾಣುವುದು ಬೇಕಾಗುತ್ತದೆ. ಅಲ್ಲದೆ ಗಿಡ ಬಾಡಿದರೆ ನೆಂಟರು ಬಂದು "ಯಾಕೆ ಹೀಗಾಯಿತು?" ಎಂದು ಕೇಳುವುದಿಲ್ಲ. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯಿದೆ. ಈ ಅರ್ಧ ಗಂಟೆಯಲ್ಲಿ ಮೊಸರಿನ ಆಸೆಯೂ ಇಲ್ಲ, ಕೆಸರೇ ಸಾಕು.

ಆದರೆ ಇಲ್ಲಿ ಒಂದು ಎಚ್ಚರಿಕೆ ಹೇಳದಿದ್ದರೆ ನನ್ನ ಮಾತು ಅರ್ಧ ಸುಳ್ಳಾದೀತು. "ನಿನಗೇನಮ್ಮ, ಹಿತ್ತಿಲಿದೆ, ಹೂವಿದೆ" ಎಂದು ಹೇಳಿ ಮನೆಯ ಉಳಿದವರು ಕೈ ತೊಳೆದುಕೊಳ್ಳುವುದುಂಟು. ನಾಲ್ಕು ಹೂಕುಂಡ ಕೊಟ್ಟು ನಾಲ್ಕು ಜನರ ಕೆಲಸವನ್ನು ಒಬ್ಬಳ ಮೇಲೆ ಹೊರಿಸುವುದಾದರೆ ಆ ಹೂಕುಂಡ ಬೇಡ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ ಮನೆಯವರ ಆರೈಕೆಯ ಲೆಕ್ಕವಿದೆ, ಮಕ್ಕಳ ಆರೈಕೆಯೂ ಅದರಲ್ಲಿ ಸೇರಿದೆ. 15ರಿಂದ 59 ವಯಸ್ಸಿನ ಹೆಂಗಸರಲ್ಲಿ ಶೇಕಡ 41 ಮಂದಿ ಈ ಕೆಲಸದಲ್ಲಿದ್ದರೆ ಗಂಡಸರಲ್ಲಿ ಶೇಕಡ 21.4. ಹಾಗೆ ಆರೈಕೆ ಮಾಡುವವರಲ್ಲೂ ಹೆಂಗಸರು ದಿನಕ್ಕೆ ಸುಮಾರು 140 ನಿಮಿಷ, ಗಂಡಸರು 74 ನಿಮಿಷ. ಈ ಅಂತರವನ್ನು ಯಾವ ಮಲ್ಲಿಗೆ ಬಳ್ಳಿಯೂ ತುಂಬಲಾರದು.

ನಾನು ಹಿತ್ತಿಲಲ್ಲಿರುವಾಗ ಮೊದಮೊದಲು ಕೋಣೆಯಲ್ಲಿ ಯಾರೂ ಇರುತ್ತಿರಲಿಲ್ಲ, ಆ ಹಿತ್ತಾಳೆ ಗಂಟೆಯೊಂದೇ. ಒಂದು ದಿನ ನಮ್ಮ ಯಜಮಾನರಿಗೆ ಹೇಳಿದೆ, "ನೀವು ಪೇಪರ್ ಓದುವುದು ಹೇಗೂ ಉಂಟಲ್ಲ, ಅಮ್ಮನ ಪಕ್ಕ ಕೂತು ಓದಿ." ಅವರು ಕೂತರು. ವಾರದಲ್ಲಿ ಜೋರಾಗಿ ಓದಿ ಹೇಳತೊಡಗಿದರು. ತಿಂಗಳಲ್ಲಿ ದಿಂಬು ಒರಗಿಸುವುದನ್ನು ಕಲಿತರು. ಬೆಡ್‌ಪ್ಯಾನ್ ಹಿಡಿಯಲು ಇನ್ನೂ ಸ್ವಲ್ಪ ಕಾಲ ಬೇಕಾಯಿತು. ಅದನ್ನೂ ಕಲಿತರು. ತಾಯಿ ಮಗನ ನಡುವೆ ಎಷ್ಟೋ ವರ್ಷದಿಂದ ನಿಂತುಹೋಗಿದ್ದ ಮಾತುಕತೆ ಮತ್ತೆ ಶುರುವಾದದ್ದು ನಾನು ಆ ಕೋಣೆಯಲ್ಲಿ ಇಲ್ಲದಿದ್ದ ಅರ್ಧ ಗಂಟೆಯಲ್ಲಿ. ನಾವೇ ಎಲ್ಲವನ್ನೂ ಮಾಡಿಬಿಡುವುದು ದೊಡ್ಡ ಗುಣವೆಂದು ನಮಗೆ ಕಲಿಸಿದ್ದಾರೆ. ಹಾಗೆ ಮಾಡಿದರೆ ಇನ್ನೊಬ್ಬರು ಸಲ್ಲಿಸಬೇಕಾದ ಋಣವನ್ನು ಅವರಿಗೆ ಸಲ್ಲಿಸಲು ಬಿಡದ ಹಾಗೂ ಆಗುತ್ತದೆ.

ನಮಗೆ ಹಿತ್ತಿಲೇ ಇಲ್ಲವಲ್ಲ ಎನ್ನುವವರು ಈಗ ಪೇಟೆಯಲ್ಲಿ ಹೆಚ್ಚು. ಕಿಟಕಿಯ ಅಂಚಿನಲ್ಲಿ ಒಂದು ಹಳೆಯ ಡಬ್ಬ ಸಾಕು, ತಳಕ್ಕೆ ತೂತು ಮಾಡಿ, ಮಣ್ಣಿಗೆ ಸ್ವಲ್ಪ ಮರಳು ಬೆರೆಸಿ. ದೊಡ್ಡಪತ್ರೆಯ ಒಂದು ಕೊನೆ ಮುರಿದು ನೆಟ್ಟರೂ ಬೇರು ಬಿಡುತ್ತದೆ. ಎರಡು ದಿನ ನೀರು ಮರೆತರೂ ಮುನಿಯುವುದಿಲ್ಲ, ನೀರು ಹೆಚ್ಚಾದರೇ ಅದಕ್ಕೆ ಕಷ್ಟ. ಆರೈಕೆಯಲ್ಲಿ ಮುಳುಗಿರುವವರು ಇಂಥ ಕ್ಷಮಾಗುಣದ ಗಿಡಗಳನ್ನೇ ಆರಿಸಿಕೊಳ್ಳಬೇಕು. ಹಟದ ಗುಲಾಬಿ ಆಮೇಲೆ ನೋಡಿಕೊಳ್ಳೋಣ.

ಅತ್ತೆ ತೀರಿಕೊಂಡ ಮೇಲೆ ನನಗೆ ಸಂಜೆಯೆಲ್ಲ ಬಿಡುವು. ಬಿಡುವು ಎಷ್ಟಿದ್ದರೂ ಆ ಅರ್ಧ ಗಂಟೆಯ ರುಚಿ ಅದಕ್ಕಿಲ್ಲ. ಈಗ ನಮ್ಮ ಶಾಲೆಯ ಕಿರಿಯ ಸಹೋದ್ಯೋಗಿಯೊಬ್ಬಳ ಗಂಡನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ನೋಡಲು ಹೋಗುವವರೆಲ್ಲ ಸೇಬು ಕಿತ್ತಳೆ ಹಿಡಿದು ಹೋಗುತ್ತಾರೆ, ಕೊನೆಗೆ ಅದನ್ನು ತೊಳೆದು ಹೆಚ್ಚಿ ಬಂದವರಿಗೆ ಕೊಡುವವಳೂ ಅವಳೇ. ನಾನು ಎರಡು ದೊಡ್ಡಪತ್ರೆ ಕಡ್ಡಿ ಒಯ್ದೆ. ಅದನ್ನು ಅವಳ ಕೈಗಿಟ್ಟು, "ನೀನು ಹಿಂದಕ್ಕೆ ಹೋಗಿ ಇದನ್ನು ನೆಟ್ಟು ನಿಧಾನವಾಗಿ ಬಾ, ಅಲ್ಲಿಯವರೆಗೆ ಇವರ ಹತ್ತಿರ ನಾನು ಕೂತಿರುತ್ತೇನೆ" ಎಂದೆ. ಎರಡು ಕಡ್ಡಿ ನೆಡಲು ಅವಳು ಮುಕ್ಕಾಲು ಗಂಟೆ ತೆಗೆದುಕೊಂಡಳು.