ದಿನದ ಧಮ್ಮ ಚಿಂತನೆ: ಮೂರಡಿ ಜಗಲಿ

 

ಇವತ್ತು ಸಣ್ಣ ವಿಷಯ. ನಮ್ಮ ಮನೆ ಮುಂದೆ ಒಂದು ಜಗಲಿ ಕಟ್ಟಿಸಬೇಕಿತ್ತು. ಅದಕ್ಕೆ ನಗರಸಭೆಯ ಪರವಾನಗಿ ತೆಗೆದುಕೊಳ್ಳಬೇಕೋ ಬೇಡವೋ ಎಂದು ಎರಡು ವಾರ ತಲೆ ಕೆಡಿಸಿಕೊಂಡೆ. ದಿನಾ ಬಾಯಲ್ಲಿ ಹೇಳುವ ಎರಡನೇ ಶೀಲ ಆ ಎರಡು ವಾರದಲ್ಲಿ ನನಗೆ ಹೊಸದಾಗಿ ಅರ್ಥವಾಯಿತು.

ಜಗಲಿ ಬೇಕೆಂದವಳು ನಮ್ಮವ್ವ. ಎಪ್ಪತ್ತು ದಾಟಿದೆ. ಅವಳು ಹುಟ್ಟಿ ಬೆಳೆದ ಊರಿನಲ್ಲಿ ಮೇಲ್ಜಾತಿಯವರ ಮನೆಗೆ ಕೂಲಿ ಕೇಳಲು ಹೋದರೆ ಜಗಲಿಯ ಕೆಳಗೇ ನಿಲ್ಲಬೇಕಿತ್ತು. ಮಳೆ ಹುಯ್ಯುತ್ತಿದ್ದರೂ ಮೇಲೆ ಹತ್ತುವಂತಿರಲಿಲ್ಲ. "ನಮ್ದೇ ಒಂದ್ ಜಗ್ಲಿ ಇರ್ಬೇಕು ಕಣಪ್ಪ. ಸಂಜೆ ಹೊತ್ತು ಕಾಲು ನೀಡ್ಕೊಂಡು ಕೂತ್ಕೋಬೇಕು" ಎಂದು ಅವಳು ವರ್ಷಗಳಿಂದ ಹೇಳುತ್ತಿದ್ದಳು. ಇದು ಬರೀ ಕಲ್ಲು ಸಿಮೆಂಟಿನ ಮಾತಲ್ಲ ಎಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ.

ನಮ್ಮ ಗೋಡೆಯಿಂದ ಸೈಟಿನ ಗಡಿಗೆ ಮೂರಡಿ. ಅದರಾಚೆ ಎರಡಡಿ ಅಗಲದ ಚರಂಡಿ. ಅದರಾಚೆ ಬೀದಿ. ಮೇಸ್ತ್ರಿ ಟೇಪು ಹಿಡಿದು ನೋಡಿ, "ಚರಂಡಿ ಮೇಲೆ ಚಪ್ಪಡಿ ಎಳೆದುಬುಟ್ರೆ ಐದಡಿ ಸಿಗ್ತದೆ ಸಾರ್, ಮೇಲೊಂದು ಶೀಟ್ ಹಾಕುಮ" ಎಂದ. ಪರವಾನಗಿ? ಅವನು ನಕ್ಕ. "ಇದ್ಕೆಲ್ಲ ಯಾರ್ ಸಾರ್ ಪರ್ಮಿಶನ್ ತಕ್ಕೊಂತಾರೆ? ಶನಿವಾರ ಸುರು ಮಾಡಿ ಸೋಮವಾರ ಮುಗಿಸ್ತೀನಿ. ಯಾರಾರ ಬಂದು ಕೇಳುದ್ರೆ ಒಂದಿಷ್ಟು ಕೊಟ್ರಾಯ್ತು."

ಒಪ್ಪಿಕೊಳ್ಳುತ್ತೇನೆ, ಆ ಮಾತು ನನಗೆ ಹಿತವಾಗಿತ್ತು. ಮನಸ್ಸು ಕಾರಣಗಳನ್ನು ಸಾಲಾಗಿ ಜೋಡಿಸಿತು. ಬೀದಿಯಲ್ಲಿ ಅರ್ಧದಷ್ಟು ಮನೆಯವರು ಹೀಗೇ ಮಾಡಿದ್ದಾರೆ. ಕೆರೆ ನುಂಗಿ ಲೇಔಟು ಮಾಡಿದವರು ಆರಾಮಾಗಿದ್ದಾರೆ. ಶತಮಾನಗಳ ಕಾಲ ಊರೊಳಗೆ ಒಂದಡಿ ಜಾಗ ಸಿಗದ ನಮಗೆ ಎರಡಡಿ ಚರಂಡಿಯ ಲೆಕ್ಕವೇ?

ಆ ಭಾನುವಾರ ವಿನಯ ಪಿಟಕದಲ್ಲಿ ಬರುವ ಆಳವಿಯ ಭಿಕ್ಖುಗಳ ಪ್ರಸಂಗ ಓದುತ್ತಿದ್ದೆ. ಅವರು ತಮತಮಗೆ ಕುಟಿ ಕಟ್ಟಿಕೊಳ್ಳಲು ಹೊರಟರು. ಅಳತೆಯಿಲ್ಲ, ಮಿತಿಯಿಲ್ಲ. ಆಳು ಕೊಡಿ, ಎತ್ತು ಕೊಡಿ, ಗಾಡಿ ಕೊಡಿ, ಕೊಡಲಿ ಕೊಡಿ ಎಂದು ಮನೆಮನೆಗೆ ಹೋಗಿ ಕೇಳಿದರು. ಜನ ಎಷ್ಟು ಬೇಸತ್ತರೆಂದರೆ, ದೂರದಲ್ಲಿ ಹಸುಗಳನ್ನು ಕಂಡರೂ ಭಿಕ್ಖುಗಳೇ ಬಂದರೆಂದು ಓಡುತ್ತಿದ್ದರಂತೆ. ವಿಷಯ ತಿಳಿದ ಭಗವಾನರು ಒಂದು ನಿಯಮ ಮಾಡಿದರು. ಹೀಗೆ ಬೇಡಿ ತನಗಾಗಿ ಕಟ್ಟಿಕೊಳ್ಳುವ ಕುಟಿ ಸುಗತರ ಗೇಣಿನ ಅಳತೆಯಲ್ಲಿ 12 ಗೇಣು ಉದ್ದ, 7 ಗೇಣು ಅಗಲ ಮೀರಬಾರದು. ಕಟ್ಟುವ ಮೊದಲು ಸಂಘಕ್ಕೆ ಜಾಗ ತೋರಿಸಬೇಕು. ಅಲ್ಲಿ ಇರುವೆ ಗೆದ್ದಲಿನಂಥ ಜೀವಿಗಳ ನೆಲೆ ಇರಬಾರದು. ಎತ್ತು ಹೂಡಿದ ಗಾಡಿ ಸುತ್ತಲೂ ಹಾದುಹೋಗುವಷ್ಟು ತೆರಪಿರಬೇಕು.

ಓದಿ ಬೆರಗಾದೆ. ಅಳತೆ, ಸ್ಥಳ ಪರಿಶೀಲನೆ, ಸುತ್ತ ಬಿಡಬೇಕಾದ ಜಾಗ! ಎಲ್ಲ ಬಿಟ್ಟು ಬಂದವರಿಗೂ ಈ ಕಟ್ಟು ಯಾಕೆ? ಧ್ಯಾನ ಮಾಡುವವನಾದರೂ ಅವನ ಗೋಡೆಯ ಆಚೆ ಇನ್ನೊಂದು ಜೀವ ಇರುತ್ತದೆ. ಕಟ್ಟುವವನ ಕಣ್ಣು ಗೋಡೆಯ ಒಳಗಡೆಯೇ ಇರುತ್ತದೆ. ಆಚೆ ಏನಿದೆಯೆಂದು ನೋಡಲು ಬೇರೆಯವರ ಕಣ್ಣು ಬೇಕು.

ಹಾಗಾದರೆ ನನ್ನ ಜಗಲಿಯ ಆಚೆ ಯಾರಿದ್ದಾರೆ? ಮರುದಿನ ಬೆಳಿಗ್ಗೆ ಬಾಗಿಲಲ್ಲಿ ನಿಂತು ನೋಡಿದೆ. ನಮ್ಮ ಬೀದಿಯ ಪೌರಕಾರ್ಮಿಕ ಹೆಣ್ಣುಮಗಳು ಚರಂಡಿ ಎಳೆಯುತ್ತಿದ್ದಳು. ನಮ್ಮ ಮನೆ ಮುಂದೆ ನೆಟ್ಟಗೆ ನಿಂತು ಸಲಿಕೆ ಹಾಕಿದಳು. ನಾಲ್ಕು ಮನೆ ದಾಟಿ, ಚಪ್ಪಡಿ ಮುಚ್ಚಿದ ಕಡೆ, ನೆಲಕ್ಕೆ ಮೊಣಕಾಲೂರಿ ತೋಳಿನವರೆಗೆ ಕೈ ತೂರಿಸಿದಳು. ನನ್ನ ಐದಡಿ ಜಗಲಿ ಅಂದರೆ ಇದು. ನಮ್ಮವ್ವ ಕಾಲು ನೀಡಲು ಇನ್ನೊಬ್ಬ ತಾಯಿ ಮೊಣಕಾಲೂರಬೇಕು. ಅದೂ ನಮ್ಮ ಕೇರಿಯವಳೇ. ಜಗಲಿಯ ಮೇಲೆ ಯಾರು, ಕೆಳಗೆ ಯಾರು ಎಂಬ ಹಳೆಯ ಲೆಕ್ಕವನ್ನು ನಾನೇ ಮತ್ತೆ ಕಟ್ಟಲು ಹೊರಟಿದ್ದೆ.

ಎರಡನೇ ಶೀಲವನ್ನು ನಾವು 'ಕಳ್ಳತನ ಮಾಡಬಾರದು' ಎಂದು ಸಣ್ಣದು ಮಾಡಿಕೊಂಡಿದ್ದೇವೆ. ಅದರ ಮಾತು ಇನ್ನೂ ವಿಶಾಲವಾದದ್ದು: ಕೊಡದೇ ಇದ್ದುದನ್ನು ತೆಗೆದುಕೊಳ್ಳದಿರುವುದು. ಆ ಎರಡಡಿಯನ್ನು ನನಗೆ ಯಾರೂ ಕೊಟ್ಟಿರಲಿಲ್ಲ. ಪರವಾನಗಿಯ ಅರ್ಜಿ ಎಂದರೆ 'ಕೊಡುತ್ತೀರಾ' ಎಂದು ಊರನ್ನು ಕೇಳುವುದು.

ಇನ್ನು ಕಾಗದದ ಮಾತು. 'ಬರೀ ಕಾಗದ ತಾನೇ' ಎನ್ನುವವರು ಮಹಾಡನ್ನು ನೆನೆಯಬೇಕು. ಚವದಾರ್ ಕೆರೆಯನ್ನು ಎಲ್ಲರಿಗೂ ತೆರೆಯುತ್ತೇವೆಂದು ಮಹಾಡ್ ಪುರಸಭೆ 1924ರಲ್ಲೇ ನಿರ್ಣಯ ಮಾಡಿತ್ತು. ಅದು ಕಾಗದದಲ್ಲೇ ಮಲಗಿತ್ತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಜನರೊಂದಿಗೆ ನಡೆದು ಹೋಗಿ ಆ ನೀರು ಕುಡಿದರು. ಅದೇ ವರ್ಷ ಪುರಸಭೆ ನಿರ್ಣಯ ಹಿಂತೆಗೆದುಕೊಂಡಿತು. ಕೋರ್ಟಿನಲ್ಲಿ ಹತ್ತು ವರ್ಷ ಹೋರಾಡಿ 1937ರಲ್ಲಿ ಬಾಂಬೆ ಹೈಕೋರ್ಟಿನಲ್ಲಿ ಗೆದ್ದರು. ಪುರಸಭೆಯ ಒಂದು ಹಾಳೆಯನ್ನು ಹಿಡಿದು ನೀರಿನ ಹಕ್ಕು ಕೇಳಿದ ಜನ ನಾವು. ಅನುಕೂಲವಾದಾಗ ಹಿಡಿದು, ತೊಡಕಾದಾಗ ಹರಿದರೆ ಆ ಹಾಳೆಗೆ ಬೆಲೆ ಉಳಿಯುವುದಿಲ್ಲ. ಸಾಂವಿಧಾನಿಕ ನೈತಿಕತೆ ಹುಟ್ಟಿನಿಂದ ಬರುವುದಿಲ್ಲ, ಬೆಳೆಸಿಕೊಳ್ಳಬೇಕು ಎಂದು 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಅವರು ಹೇಳಿದ್ದರು. ಅದನ್ನು ಬೆಳೆಸಿಕೊಳ್ಳುವುದು ಇಂಥ ಸಣ್ಣ ಜಾಗದಲ್ಲೇ.

ಒಂದು ಮಾತು ತಪ್ಪು ತಿಳಿಯಬಾರದು. ನಿಲ್ಲಲು ನೆಲವಿಲ್ಲದೆ, ಹಕ್ಕುಪತ್ರವಿಲ್ಲದೆ ಗುಡಿಸಲು ಹಾಕಿಕೊಂಡ ನಮ್ಮವರಿಗೆ ನಾನು ಬುದ್ಧಿ ಹೇಳುತ್ತಿಲ್ಲ. ಅವರ ನೆಲದ ಪ್ರಶ್ನೆಗೆ ಉತ್ತರ ಕೊಡಬೇಕಾದದ್ದು ಸರ್ಕಾರ. ನನಗೆ ತಿಂಗಳ ಸಂಬಳವಿದೆ, ಸೈಟಿಗೆ ಖಾತೆಯಿದೆ, ಅರ್ಜಿ ಬರೆಯಲು ಅಕ್ಷರವಿದೆ. ನನಗಿದ್ದದ್ದು ಅಗತ್ಯವಲ್ಲ, ಅನುಕೂಲ. ಇವೆರಡನ್ನೂ ಬೆರೆಸದೆ ನೋಡುವುದೇ ಸಮ್ಮಾ ದಿಟ್ಠಿಯ ಒಂದು ಭಾಗ ಅನಿಸಿತು.

ಅರ್ಜಿ ಕೊಟ್ಟೆ. ಮೂರು ಸಲ ಅಲೆದೆ, ಒಂದು ದಿನ ರಜೆಯೂ ಹೋಯಿತು. ಎಂಜಿನಿಯರ್ ಬಂದು ಅಳೆದು, ಚರಂಡಿ ಮುಟ್ಟುವಂತಿಲ್ಲ, ಮೂರಡಿಯೊಳಗೆ ಕಟ್ಟಿಕೊಳ್ಳಿ ಎಂದರು. ಶುಲ್ಕ ಕಟ್ಟಿ ರಸೀದಿ ಪಡೆದೆ. ಮೇಸ್ತ್ರಿಗೆ ಸ್ವಲ್ಪ ಬೇಸರ. ಅವ್ವನಿಗೆ ಹೇಗೆ ಹೇಳುವುದೆಂದು ಅಳುಕುತ್ತಾ ಹೇಳಿದೆ. ಅವಳು, "ಮೂರಡಿ ಸಾಕು ಬುಡಪ್ಪ, ನಾನೇನು ಅಲ್ಲಿ ಮಲಗ್ತೀನಾ?" ಎಂದಳು.

ಜಗಲಿ ಮುಗಿದ ಮೇಲೆ ಒಂದು ಬೆಳಿಗ್ಗೆ ನಾನು ಶಾಲೆಗೆ ಹೊರಟಿದ್ದೆ. ಚರಂಡಿ ಎಳೆದು ಮುಗಿಸಿದ ಆ ಹೆಣ್ಣುಮಗಳು ನೀರು ಕೇಳಿದಳು. ಅವ್ವ ಚೊಂಬು ತಂದಳು. ಅವಳು ಕೆಳಗೇ ನಿಂತು ಕೈ ಚಾಚಿದಳು. ಅವ್ವ ಕೊಡಲಿಲ್ಲ. "ಮೇಲ್ ಬಾ ತಾಯಿ, ಕೂತ್ಕೊಂಡು ಕುಡಿ" ಎಂದು ಪಕ್ಕಕ್ಕೆ ಸರಿದಳು. ಮೂರಡಿಯಲ್ಲಿ ಇಬ್ಬರಿಗೂ ಜಾಗ ಆಯಿತು.

ಇಂದಿನ ಅಭ್ಯಾಸ: ನಾವು ಕೇಳದೇ ತೆಗೆದುಕೊಂಡದ್ದು ಏನಾದರೂ ಇದೆಯೇ? ದಾರಿಯೋ, ನೀರೋ, ಇನ್ನೊಬ್ಬರ ಸಮಯವೋ. ಒಂದನ್ನು ಗುರುತಿಸೋಣ. ಇವತ್ತೇ ಕೇಳೋಣ, ಇಲ್ಲವೇ ಹಿಂದಿರುಗಿಸೋಣ.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್.